ಹೊಂದಿಕೊಂಡ ಮಗು

ಸೋಮವಾರ, ಸಂಜೆ

ತಂಗೀ,

ಕ್ಷೇಮಸಮಾಚಾರ ಬರೆಯುವ ಮನಸ್ಸಿಲ್ಲ. ನಿನ್ನ ಸಂಶೋಧನೆಯ ವರದಿ ಓದಿದೆ. ಹೇಸಿಗೆಯಾಯಿತು. ಒಡಹುಟ್ಟಿದವಳಿಗೆ ಹೀಗೆ ಬರೆಯುವುದೇ ಎಂದು ಕೈ ಒಂದು ಗಳಿಗೆ ತಡೆಯಿತು, ಅಷ್ಟೆ.

ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳ ಮನಸ್ಸು ತಿಳೀಬೇಕು, ಅಕ್ಕಾ, ನೀನು ಸಾಕ್ತಿರೋ ಚಿಟ್ಟಿನ ಒಂದ್ಸಲ ಕರ್ಕೊಂಡು ಬಾ ಅಂತ ನೀನೇ ಗೋಗರೆದೆ. ನಾನು ಕರೆತಂದೆ. ಆಟಿಕೆ ತುಂಬಿದ ಕೋಣೆಯಲ್ಲಿ ಅವಳನ್ನು ಕೂರಿಸಿ, ಹೇಳದೆ ಎದ್ದು ಬಾ ಅಂದೆ ನೀನು. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಎದ್ದು ಬಂದೆ.

ಕೋಣೆಯ ಗಾಜುಗೋಡೆಯ ಈಚೆ ನೀನೂ ನಿನ್ನ ಜೊತೆಯವರೂ ಚಹಾ ಕುಡಿಯುತ್ತಾ ನೋಡುತ್ತಿದ್ದಿರಿ. ಬಾಗಿಲು ಮುಚ್ಚಿದ್ದನ್ನು ಚಿಟ್ಟಿ ಕಂಡಳು. ಅಳಲಿಲ್ಲ. ಆಟಿಕೆಗಳನ್ನು ಬುಟ್ಟಿಗೆ ಹಾಕಿದಳು, ಚಪ್ಪಲಿ ಮೆಟ್ಟಿಕೊಂಡಳು, ಚೀಲ ಹೆಗಲಿಗೇರಿಸಿ, ಮೂಲೆಯಲ್ಲಿದ್ದ ನಿನ್ನ ಸಹಾಯಕಿಯ ಬೆರಳು ಹಿಡಿದು ನಿಂತಳು. ಎಷ್ಟು ಜಾಣೆ ನೋಡಿ, ಒಂಚೂರೂ ಹಟ ಇಲ್ಲ ಅಂತ ನಿನ್ನ ಪಕ್ಕದವನು ಅಂದ. ನೀನು ಬಿಸ್ಕತ್ತು ಅದ್ದಿಕೊಂಡು ತಲೆಯಾಡಿಸಿದೆ.

ಈ ವಯಸ್ಸಿಗೇ ಮೂರು ಮನೆ ಕಂಡ ಕೂಸು ಅದು. ಪ್ರತಿ ಸಲವೂ ಮಕ್ಕಳ ಕಲ್ಯಾಣ ಕಚೇರಿಯವರು ಹೀಗೇ ಆಟಿಕೆ ಕೊಟ್ಟು ಕೂರಿಸಿ, ಸಾಕಿದವರನ್ನು ಸದ್ದಿಲ್ಲದೆ ಹೊರಗೆ ಕಳಿಸಿ, ಗುರುತಿಲ್ಲದವರ ಕೈಗೆ ಒಪ್ಪಿಸಿದ್ದಾರೆ. ಅವಳು ಇನ್ನೊಂದು ಮನೆಗೆ ಹೊರಟು ನಿಂತಿದ್ದಳು ಕಣೇ. ನೀನು ಅದನ್ನು ಚೆನ್ನಾಗಿ ಹೊಂದಿಕೊಳ್ಳುವ ಸ್ವಭಾವ ಅಂತ ಬರೆದೆ.

ಈಗ ಕಚೇರಿಯ ಮೇಡಂ ನಿನ್ನ ಮಾತನ್ನೇ ಹಿಡಿದುಕೊಂಡಿದ್ದಾರೆ. ಅಳೋ ಮಕ್ಕಳಿಗೆ ನಿಮ್ಮಂಥ ಮನೆ ಬೇಕು, ಇವಳನ್ನ ಎಲ್ಲಿ ಬಿಟ್ಟರೂ ಹೊಂದ್ಕೋತಾಳಂತಲ್ಲ, ಮುಂದಿನ ವಾರ ಬೇರೆ ಕಡೆ ಕಳಿಸ್ತೀವಿ ಅಂದರು. ನಿಮಗೆ ಇನ್ನೊಂದು ಮಗು ಕೊಡ್ತೀವಲ್ಲ ಅಂತ ಸಮಾಧಾನ ಬೇರೆ. ಥೂ, ತೂತುಬಿದ್ದ ಪಾತ್ರೆಗೆ ಬದಲಿ ಕೊಡುವವರ ಹಾಗೆ.

ಈ ಕಾಗದ ಕೈಸೇರಿದೊಡನೆ ನೀನೇ ಹೋಗಿ, ನಾನು ತಿಳಿದದ್ದು ತಪ್ಪು ಅಂತ ಅವರಿಗೆ ಹೇಳಿ ಬಾ. ಹೆಸರು ಕೆಡುತ್ತದೆ ಅಂತ ಮೀನಮೇಷ ಎಣಿಸಿದರೆ, ನನ್ನ ಹೊಸ್ತಿಲು ತುಳಿಯಬೇಡ.

ಇನ್ನೂ ನಿನ್ನವಳೇ ಆದ
ಅಕ್ಕ

ಮುಗಿಸಿದ ಮೇಲೆ: ಇದನ್ನು ಅಂಚೆಗೆ ಹಾಕಲೆಂದು ಚಪ್ಪಲಿ ಮೆಟ್ಟಿದೆ. ಚಿಟ್ಟಿ ಓಡಿಬಂದು ಅದನ್ನು ನನ್ನ ಕಾಲಿಂದ ಕಿತ್ತೆಸೆದು, ಬೀದಿಗೆಲ್ಲ ಕೇಳುವಂತೆ ಅಳತೊಡಗಿದಳು. ಮೇಲಿನ ಮನೆಯವರು ಇಳಿದು ಬಂದು ಏನಾಯ್ತು ಅಂತ ಕೇಳಿದರು. ಏನಿಲ್ಲ, ಅಳ್ತಿದಾಳೆ ಅಂದೆ. ಹೇಳುವಾಗ ನನಗೆ ನಗು, ಅಳು ಎರಡೂ. ಅಂಚೆ ಬೇಡವೆಂದು ಅವಳನ್ನು ಹಾಗೇ ಎತ್ತಿಕೊಂಡು ಬಂದಿದ್ದೇನೆ. ಈ ಸಾಲುಗಳನ್ನು ನಿನ್ನ ಮನೆ ಮೆಟ್ಟಿಲ ಮೇಲೆ ಕೂತು ಬರೆದು, ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಇನ್ನೂ ಅಳುತ್ತಿದ್ದಾಳೆ, ಕೇಳಿಸಿತಾ? ಬರೆದುಕೋ.