ಅಕ್ಕ ಕತ್ತರಿಸಿದ ಜಡೆ

ಅಕ್ಕಾ,

ನಾನು ಕ್ಷೇಮ, ಮಂಡಿನೋವು ಇಳಿದಿದೆ. ಇವತ್ತು ಪ್ರವಾಸದ ದಾರಿಯಲ್ಲಿ, ದುರಸ್ತಿ ಮಾಡಿ ಜನರಿಗೆ ತೋರಿಸಲೆಂದೇ ಓಡಿಸುವ ಹಳೆಯ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಹೊರಗೆ ಹೊಳೆಯ ನೀರಿಗೆ ಮರದ ಚಕ್ರ ತಿರುಗುತ್ತದೆ. ಒಳಗೆ ಗೇಣಗಲದ ತೊಗಲಿನ ಬೆಲ್ಟು ಬೀಸುವ ಕಲ್ಲನ್ನು ತಿರುಗಿಸುತ್ತದೆ. ಗಿರಣಿ ತೋರಿಸುವ ಹೆಂಗಸು ಹಳೇ ಬಟ್ಟೆಯೊಂದರ ತುದಿಯನ್ನು ಬೆಲ್ಟಿಗೆ ತಾಗಿಸಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಬಟ್ಟೆ ಮಾಯ.

“ಜಡೆ ಸಿಕ್ಕಿದ್ರೂ ಹೀಗೇ. ಮಿಷನ್ ನಿಲ್ಸೋಣ ಅಂತ ಓಡೋಷ್ಟರಲ್ಲಿ ತಲೇನೇ ಹೋಗಿರುತ್ತೆ,” ಅಂದಳು.

ನನ್ನ ಕೈ ತಾನಾಗಿ ಕತ್ತಿನ ಹಿಂದಕ್ಕೆ, ಜಡೆಯ ಬುಡಕ್ಕೆ ಹೋಯಿತು. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮೂರ ಗಿರಣಿಯಲ್ಲಿ ಬೆಲ್ಟಿಗೆ ಸಿಕ್ಕಿದ ನನ್ನ ಜಡೆಯನ್ನು ನೀನು ಚೀಲ ಕೊಯ್ಯುವ ಚಾಕುವಿನಿಂದ ಬುಡಕ್ಕೇ ಕತ್ತರಿಸಿದೆಯಲ್ಲ. ಮಿಷನ್ ನಿಲ್ಲಿಸಿದ್ದರೆ ಸಾಕಿತ್ತು, ಹೊಟ್ಟೆಕಿಚ್ಚಿಗೆ ಕತ್ತರಿಸಿದಳು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅಮ್ಮನೂ ನಿನಗೇ ಬೈದಳು. ನೀನು ಒಂದು ಮಾತು ಎದುರಾಡಲಿಲ್ಲ. ಆಮೇಲಿನ ಈ ಐವತ್ತು ವರ್ಷ, ನನ್ನ ಮನೆ, ಮಕ್ಕಳು, ಎಲ್ಲವೂ ನೀನು ಉಳಿಸಿಕೊಟ್ಟದ್ದು, ಅಕ್ಕಾ.

ಜಾಗ ಮುಗಿಯಿತು, ಬಸ್ಸಿನವನು ಕರೆಯುತ್ತಿದ್ದಾನೆ. ಇದನ್ನು ಬೇಕೆಂದೇ ಕವರಿನಲ್ಲಿ ಹಾಕದೆ ಕಾರ್ಡಿನಲ್ಲಿ ಬರೆದಿದ್ದೇನೆ. ಅಂಚೆಯವನು ಓದಲಿ, ಊರಿಗೆಲ್ಲ ಹೇಳಲಿ.

ನಿನ್ನ ತಂಗಿ