ಶಾಮಲಾ ಹೆಸರಿನ ಮುಂದೆ ಖಾಲಿ ಜಾಗ

೮ ಜನವರಿ ೧೯೯೧, ಮಂಗಳವಾರ

ಬೊರಿವಲಿಯಲ್ಲೇ ಹೊರಡುವ ಲೋಕಲ್. ಕಿಟಕಿ ಸೀಟು ಸಿಕ್ಕಿತು. ಆದರೂ ಅಂಧೇರಿ ಬರುವಷ್ಟರಲ್ಲಿ ಹೊಟ್ಟೆ ತೊಳಸಿತು. ಬ್ಯಾಗಿನಲ್ಲಿ ನಿಂಬೆಹಣ್ಣು ಇತ್ತು, ಸದ್ಯ.

ಆಫೀಸಿಗೆ ಹೊಸ ಪ್ರಾಜೆಕ್ಟ್ ಸಾಫ್ಟ್‌ವೇರ್ ಬಂದಿದೆ. ಕನ್ವೇಯರ್ ಕೆಲಸದ ಪ್ಲಾನನ್ನು ಅದರಲ್ಲಿ ಹಾಕುವ ಜವಾಬ್ದಾರಿ ನನ್ನದು. ಮೊದಲು ‘ರಿಸೋರ್ಸ್’ ತುಂಬಿಸಬೇಕು. ವಿಚಿತ್ರ — ಕ್ರೇನಿಗೂ ಮನುಷ್ಯರಿಗೂ ಒಂದೇ ಪ್ರಶ್ನೆ. ಹೆಸರೇನು? ಗಂಟೆಗೆ ಎಷ್ಟು? ಓವರ್‌ಟೈಮ್‌ಗೆ ಎಷ್ಟು? ನಿಜವಾದ ಸಂಬಳ ಹಾಕಬೇಡಿ, ಜಗಳವಾಗುತ್ತದೆ, ಗ್ರೇಡ್ ಪ್ರಕಾರ ರೇಟ್ ಹಾಕಿ ಅಂದರು ರಾಮಸ್ವಾಮಿ ಸರ್. ಜಾಣ ಬಾಸ್.

ಎಲೆಕ್ಟ್ರಿಕಲ್ ಸೂಪರ್‌ವೈಸರ್ ನೀಲಕಂಠಪ್ಪ ಹಿಂದೆ ನಿಂತು ಇಣುಕಿದರು. ಧಾರವಾಡದವರು. ತಾವು ಕ್ರೇನಿಗಿಂತ ಮೇಲೋ ಕೆಳಗೋ ಅಂತ ಕೇಳಿದರು. ಕೆಳಗೆ ಅಂದೆ. “ಹೋಗ್ಲಿ ಬಿಡ್ರಿ ಮೇಡಂ, ಅದಕ್ಕ ಡೀಸೆಲ್ ಬೇಕು, ನನಗ ಚಾ ಸಾಕು.”

೧೧ ಜನವರಿ, ಶುಕ್ರವಾರ

ಇವತ್ತು ಕ್ಯಾಲೆಂಡರ್. ಯಾರು ಯಾವಾಗ ರಜೆ ಅಂತ ಮೊದಲೇ ಹೇಳಬೇಕಂತೆ. ಟೇಬಲ್ ಟೇಬಲ್‌ಗೂ ಹೋಗಿ ಕೇಳಿದೆ. ನಕ್ಕರು. ಈ ಆಫೀಸಿನಲ್ಲಿ ರಜೆ ಅಂದರೆ ಊರು ಸೇರಿದ ಮೇಲೆ ಕಳಿಸುವ ಟೆಲಿಗ್ರಾಂ. ಕಾಡಿಬೇಡಿ ಹೇಳಿಸಿದೆ. ಸ್ಟೋರ್ಸಿನ ಅಣ್ಣು — ಮೇ ತಿಂಗಳಲ್ಲಿ ಮಗಳ ಮದುವೆ. ನೀಲಕಂಠಪ್ಪ — ಸೆಪ್ಟೆಂಬರಿನಲ್ಲಿ ಗಣಪತಿ ಹಬ್ಬಕ್ಕೆ ಊರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಹೋದ ವರ್ಷ ಬಸುರಾಗಿ ಮೂರು ತಿಂಗಳು ತುಂಬುವ ಮೊದಲೇ ಆಫೀಸಿಗೆಲ್ಲ ಪೇಡಾ ಹಂಚಿದ್ದೆ. ಆಮೇಲೆ ಪೇಡಾ ತಿಂದವರೇ ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಇನ್ನೊಮ್ಮೆ ಅದನ್ನು ತಡೆಯಲಾರೆ. ಈ ಸಲ ಮನೆಯಲ್ಲಿ ಗಂಡ ಜಯಸಿಂಹನಿಗೆ ಗೊತ್ತು, ಮೈಸೂರಿನಲ್ಲಿ ಅಮ್ಮನಿಗೆ ಗೊತ್ತು, ಅಷ್ಟೆ. ಬಾಯಿ ಬಿಡಬೇಡ, ದೃಷ್ಟಿಯಾಗುತ್ತದೆ ಅಂತ ಅಮ್ಮ. ದೃಷ್ಟಿಯಲ್ಲಿ ನನಗೆ ನಂಬಿಕೆ ಇಲ್ಲ. ಭಯ ಮಾತ್ರ ಇದೆ.

೧೬ ಜನವರಿ, ಬುಧವಾರ, ಊಟದ ಹೊತ್ತು

ಎಲ್ಲರೂ ಕ್ಯಾಂಟೀನಿಗೆ ಹೋದರು. ಬೆಳ್ಳುಳ್ಳಿ ವಾಸನೆಗೆ ಹೆದರಿ ನಾನು ಇಲ್ಲೇ.

ಒಂದು ಕುತೂಹಲ... ನಾನಿಲ್ಲದಿದ್ದರೆ ಏನಾಗುತ್ತದೆ?

ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ — ನನ್ನ ಹೆಸರಿಗೆ ರಜೆ ಹಾಕಿದೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಯೋಚಿಸಿತು. ಸೆಪ್ಟೆಂಬರ್ ಕೊನೆಗೆ ಮುಗಿಯಬೇಕಾದ ಕೆಲಸ ಡಿಸೆಂಬರಿಗೆ ಹಾರಿತು! ಟೆಸ್ಟಿಂಗ್ ಪೂರ್ತಿ ನನ್ನ ಹೆಸರಲ್ಲಿದೆಯಲ್ಲ. ಖರ್ಚೂ ಏರಿತು. ನನ್ನದಲ್ಲ, ಕ್ರೇನಿನದು. ನಾನಿಲ್ಲದಿದ್ದರೆ ಅದು ಸುಮ್ಮನೆ ನಿಂತು ಬಾಡಿಗೆ ತಿನ್ನುತ್ತದೆ. ಗಂಟೆಗೆ ಕ್ರೇನಿಗಿಂತ ಕಡಿಮೆಯವಳು ನಾನು. ಒಬ್ಬಳೇ ಕೂತು ನಕ್ಕೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದಹಿಸರ್‌ನ ಬೆಲ್ಟ್ ಸಪ್ಲೈಯರ್ ಫೋನು. ಹೋಗಬೇಕು.

೧೮ ಜನವರಿ, ಶುಕ್ರವಾರ

ಎಂಥ ದಡ್ಡಿ ನಾನು. ಮೊನ್ನೆ ಫೋನ್ ಮುಗಿಸಿ ಬಂದು, ರಜೆ ತೆಗೆಯುವುದನ್ನೇ ಮರೆತು ಸೇವ್ ಮಾಡಿದ್ದೇನೆ.

ಇವತ್ತು ಮೊದಲ ಪ್ರಿಂಟ್. ನಮ್ಮಲ್ಲಿ ಮೊದಲ ಡ್ರಾಯಿಂಗಿಗೆ ಪೂಜೆ ಮಾಡುವ ರೂಢಿ. ಕಂಪ್ಯೂಟರ್ ಪ್ಲಾನಿಗೂ ಅದೇ ಮರ್ಯಾದೆ. ಅಣ್ಣು ಹಾಳೆಗಳನ್ನು ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದ. ಕೈ ಮುಗಿದು ಕಣ್ಣು ತೆರೆದೆ. ಎದುರಿಗೇ ನನ್ನ ಹೆಸರು, ಅದರ ಮುಂದೆ ಮೂರು ತಿಂಗಳು ಖಾಲಿ. ಕುಂಕುಮ ಇಟ್ಟದ್ದನ್ನು ಕೀಳುವ ಹಾಗೂ ಇಲ್ಲ. ಕೈಯಲ್ಲಿ ಕಾಯಿ ಚೂರು ಹಿಡಿದು ನಿಂತೆ.

ಸಂಜೆ ಸರ್ ಕ್ಯಾಬಿನ್ನಿಗೆ ಕರೆದರು. ಡಿಸೆಂಬರ್ ಯಾಕೆ ಬಂತು ಅಂತ ಕೇಳಿದರು. ನೋಡುತ್ತೇನೆ ಅಂದೆ.

“ನೋಡಿ ಶಾಮಲಾ, ಎಂಟ್ರಿ ಮಿಸ್ಟೇಕ್ ಆಗಿದ್ದರೆ ತೆಗೆದುಬಿಡಿ. ಅಲ್ಲದಿದ್ದರೆ ನನಗೆ ಮೊದಲೇ ಗೊತ್ತಾಗಬೇಕು. ಸೋಮವಾರ ಆರ್ಡರ್ ಕೊಟ್ಟ ಪಾರ್ಟಿಗೆ ತಾರೀಕು ಕೊಡ್ತೀನಿ. ಕೊಟ್ಟಮೇಲೆ ಬದಲಾಯಿಸೋ ಹಾಗಿಲ್ಲ.”

೨೦ ಜನವರಿ, ಭಾನುವಾರ

ತೆಗೆದುಬಿಡು, ಮುಂದಿನದು ಮುಂದೆ — ಜಯಸಿಂಹ. ತೆಗೆಯುವುದು ಎರಡು ಕೀ ಒತ್ತುವ ಕೆಲಸ. ಆದರೆ ಸುಳ್ಳು ತಾರೀಕು ಕೊಟ್ಟು ಎಲ್ಲರನ್ನೂ ಸಿಕ್ಕಿಹಾಕಿಸಿದ ಹಾಗೆ. ಹೇಳಿದರೆ? ಟೆಸ್ಟಿಂಗ್ ನನ್ನ ಕೈ ತಪ್ಪಬಹುದು. ಹೇಳಿದ ಮೇಲೆ ಹೋದ ವರ್ಷದ ಹಾಗೇ ಆದರೆ...

‘ಆಗಬಹುದು, ಆಗದೆಯೂ ಇರಬಹುದು’ ಅಂತ ತುಂಬಿಸಲು ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಹುಡುಕಿ ನೋಡಿದ್ದೇನೆ.

೨೧ ಜನವರಿ, ಸೋಮವಾರ, ಬೆಳಿಗ್ಗೆ, ಆಫೀಸ್

ಬೇಗ ಬಂದೆ. ನನ್ನ ಕ್ಯಾಲೆಂಡರ್ ತೆರೆದು ಸುಮ್ಮನೆ ಕೂತಿದ್ದೆ. ನೀಲಕಂಠಪ್ಪ ಚಹಾ ತಂದು ಇಟ್ಟರು. ಗೋಡೆ ನೋಡಿದರು, ನನ್ನನ್ನಲ್ಲ.

“ಮೇಡಂ, ಆ ಮೂರು ತಿಂಗಳಿಗೆ ನನ್ನ ಹೆಸರು ಹಾಕ್ರಿ. ಟೆಸ್ಟಿಂಗ್ ಈಗಿಂದನ ಕಲಿಸಿಕೊಡ್ರಿ. ಗಣಪತಿಗೆ ಮುಂದಿನ ವರ್ಷ ಹೋದ್ರಾತು.”

ಏನೂ ಕೇಳಲಿಲ್ಲ. ನಾಲ್ಕು ಮಕ್ಕಳ ತಂದೆ, ನನ್ನ ಟೇಬಲ್ ಮೇಲಿನ ನಿಂಬೆಹಣ್ಣು ನೋಡಿಯೇ ತಿಳಿದಿರಬೇಕು. ಕಣ್ಣು ತುಂಬಿ ಸ್ಕ್ರೀನ್ ಕಾಣಲಿಲ್ಲ.

ಫೆಬ್ರವರಿಯಿಂದ ಅವರಿಗೆ ನನ್ನ ಜೊತೆ ಕೆಲಸ ಹಾಕಿದೆ. ಅವರ ಗಣಪತಿ ರಜೆ ತೆಗೆದೆ. ನನ್ನದನ್ನು ಹಾಗೇ ಬಿಟ್ಟೆ. ತಾರೀಕು ಅಕ್ಟೋಬರ್ ಮೊದಲ ವಾರಕ್ಕೆ ಬಂದು ನಿಂತಿತು. ಖರ್ಚು ಒಂದಿಷ್ಟು ಹೆಚ್ಚು, ಇರಲಿ.

ಕೆಳಗೆ ಸರ್ ಸ್ಕೂಟರ್ ಸದ್ದು. ಹೇಳಬೇಕಾದ್ದನ್ನು ಇಲ್ಲೊಮ್ಮೆ ಬರೆದು ನೋಡುತ್ತೇನೆ. ಸರ್, ಅದು ಎಂಟ್ರಿ ಮಿಸ್ಟೇಕ್ ಅಲ್ಲ. ಸೆಪ್ಟೆಂಬರಿನಲ್ಲಿ ನನಗೆ —