ಬಾಗಿಲು ತೆರೆಯುವಷ್ಟು ಜಾಗ

ಮಾರ್ಚ್ 4, ಬೆಳಿಗ್ಗೆ 7

ಮತ್ತೆ ಅಳತೆ. ಹಳೆಯ ಬಸ್ ಶೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ, ಮೂರನೇ ಸಲ. ತೊಂಬತ್ತೆರಡು ಅಡಿ. ಇದನ್ನು ಊರವರೆಲ್ಲರ ಕಾರ್ಯಾಗಾರ ಮಾಡುವ ನಕ್ಷೆ ನನ್ನದು. ಎಡಕ್ಕೆ ಮರಗೆಲಸ, ವೆಲ್ಡಿಂಗ್, ತ್ರೀಡಿ ಪ್ರಿಂಟರ್. ಬಲಕ್ಕೆ ರಿಪೇರಿಗೆ ಬರುವ ಆರು ಕಾರು, ಒಂದೊಂದಕ್ಕೂ ಒಂದೊಂದು ಗೂಡು. ಕೈಯಲ್ಲಿ ಏನಾದರೂ ಮಾಡುವ ಹುಚ್ಚಿರುವ ಯಾರು ಬೇಕಾದರೂ ಬರಬಹುದು. ಇಷ್ಟು ವರ್ಷ ಊರವರ ಅಡುಗೆಮನೆಗಳ ನಕ್ಷೆ ಬರೆದದ್ದೇ ಬಂತು. ಈಗ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ಮಾರ್ಚ್ 5

ಅಪ್ಪನಿಗೆ ನಕ್ಷೆ ತೋರಿಸಿದೆ. ನಲವತ್ತು ವರ್ಷ ಮೆಕ್ಯಾನಿಕ್. ಗ್ಯಾರೇಜ್ ಮುಚ್ಚಿದ ಮೇಲೆ ಸ್ಪ್ಯಾನರ್ ಮುಟ್ಟಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ, ಟಿವಿ. ಅವರನ್ನು ಆ ಕುರ್ಚಿಯಿಂದ ಎಬ್ಬಿಸಲಿಕ್ಕೇ ಈ ಕೆಲಸ ಒಪ್ಪಿಕೊಂಡದ್ದು... ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

"ಚೆನ್ನಾಗಿದೆ ಮಗಳೇ" ಎಂದರು. ಕನ್ನಡಕ ಹಾಕದೆ! ಸಿಟ್ಟು ನೆತ್ತಿಗೇರಿತು.

ಮಾರ್ಚ್ 9, ಸಂಜೆ

ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಶೆಡ್ಡಿನಲ್ಲಿ ಮಾತ್ರ ಗದ್ದಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ನಕ್ಷೆ, ನಿಜವಾದ ಅಳತೆಯಲ್ಲೇ. ಗೋಡೆ ಬರುವಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದೆವು, ಮರಗೆಲಸದ ಕಡೆ ನೋಡಿಕೊಳ್ಳುವ ಬಡಗಿ ಅಕ್ಕನ ಉಪಾಯ. "ತಪ್ಪಾದ್ರೆ ಇಟ್ಟಿಗೆ ಕೆಡವೋಕಿಂತ ಇದು ಸುಲಭ ಕಣೇ."

ನಾಳೆ ನಿಜವಾದ ಕಾರು ನಿಲ್ಲಿಸಿ ನೋಡಬೇಕು. ನನಗೆ ಡ್ರೈವಿಂಗ್ ಬಾರದು. ಮೆಕ್ಯಾನಿಕ್ ಮಗಳು! ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅವಳಿಗೂ ಬಾರದು. ಅಪ್ಪನನ್ನೇ ಕೇಳಬೇಕು...

ಮಾರ್ಚ್ 10, ಬೆಳಿಗ್ಗೆ 11

ಬಂದರು! ಮುಖ ಗಂಟಿಕ್ಕಿಕೊಂಡೇ, ಆದರೂ ಬಂದರು. ತಮ್ಮ ಹಳೆಯ ಕಾರನ್ನು ಮೊದಲನೇ ಗೂಡಿಗೆ ನೂಲು ಹಿಡಿದ ಹಾಗೆ ತಂದು ನಿಲ್ಲಿಸಿದರು. ಎರಡೂ ಕಡೆ ಅಂಗೈಯಗಲ ಜಾಗ. ನಾನೂ ಅಕ್ಕನೂ ಚಪ್ಪಾಳೆ ತಟ್ಟಿದೆವು. ಅಪ್ಪ ಮಾತ್ರ ಇಳಿಯಲಿಲ್ಲ.

"ಇಳೀರಪ್ಪ."

ಕಿಟಕಿ ಇಳಿಸಿದರು. "ಎಲ್ಲಿಂದ ಇಳೀಲಿ? ಡಿಕ್ಕಿಯಿಂದಲಾ?"

ನಕ್ಷೆಯಲ್ಲಿ ಆರು ಕಾರನ್ನೂ ಬಾಗಿಲು ಮುಚ್ಚಿದ ಹಾಗೆಯೇ ಬರೆದಿದ್ದೆ! ಮೂರು ತಿಂಗಳು, ಹನ್ನೆರಡು ನಕ್ಷೆ...

"ಕಾರಿಗೆ ಜಾಗ ಇಟ್ಟಿದ್ದೀಯ ಕಣಮ್ಮ. ಮನುಷ್ಯನಿಗೆ ಇಟ್ಟಿಲ್ಲ."

ಬಾಗಿಲು ನೂಕಿದ್ದರೆ ರಟ್ಟು ಬೀಳುತ್ತಿತ್ತು. ನೂಕಲಿಲ್ಲ. "ಗೋಡೆ ಅಂದ್ಮೇಲೆ ಗೋಡೆ" ಎನ್ನುತ್ತಾ ರಿವರ್ಸ್ ತೆಗೆದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಮನೆಗೆ ಹೊರಟೇಬಿಟ್ಟರು ಅಂದುಕೊಂಡೆ.

ಮಧ್ಯಾಹ್ನ 3

ಹೋಗಿಲ್ಲ! ಕನ್ನಡಕ ಮೂಗಿನ ಮೇಲಿದೆ. ಪ್ಯಾಂಟು ಮಡಿಸಿ, ಮಂಡಿಯೂರಿ, ನನ್ನ ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಆರು ಗೂಡು ಹೋಗಿ ನಾಲ್ಕಾಯಿತು. ಕಾರಿನ ಮಗ್ಗುಲಲ್ಲಿ ಒಬ್ಬರು ಮಲಗಿ ಒಬ್ಬರು ದಾಟುವಷ್ಟು ಜಾಗ. ಮಲಗಿ ತೋರಿಸಿದರು, ನಾನು ದಾಟಿದೆ. ಮೇಜಿನ ಎತ್ತರಕ್ಕೆ ಬಡಗಿ ಅಕ್ಕನ ಜೊತೆ ಆಗಲೇ ಒಂದು ಸುತ್ತು ಜಗಳವೂ ಆಯಿತು. ಖುಷಿಗೆ ಅಳು ಬರುತ್ತಿದೆ, ಬರಲಿ.

"ಏನು ಗೀಚ್ತಾ ಕೂತಿದ್ದೀಯ? ಟೇಪ್ ಹಿಡಿ ಬಾ. ನಾಳೆ ಎಷ್ಟು ಗಂಟೆಗೆ ತೆಗೀತೀರಿ ಶೆಡ್ಡು?"

ಅಪ್ಪ ನಾಳೆ ಅಂದರು. ಕೇಳಿಸಿತು. ನಾಳೆ—